ಹದಿಮೂರು ಗಂಟೆ ನಲವತ್ತು ನಿಮಿಷ

ಆ ಭಾನುವಾರ ಬೆಳಗ್ಗೆ ಅಕ್ಕ ಫೋನಿನೊಳಗಿನ ಹಸುವೊಂದನ್ನು ನೋಡಿ ನನ್ನ ತಮ್ಮನಿಗೆ ಬೈಯುತ್ತಿದ್ದಳು.

ಹಸು ಇದ್ದದ್ದು ನ್ಯೂಜಿಲೆಂಡಿನಲ್ಲಿ. ಅಕ್ಕ ಇದ್ದದ್ದು ಯಲಹಂಕದ ಪುಟ್ಟೇನಹಳ್ಳಿಯಲ್ಲಿ, ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ, ಮೊರದ ತುಂಬ ಅವರೆಕಾಯಿ ಹಾಕಿಕೊಂಡು. ಫೋನು ನನ್ನ ಕೈಯಲ್ಲಿ. ಅವಳ ಕೈ ಕಾಯಿ ಬಿಡಿಸುತ್ತಲೇ ಇತ್ತು. ಕಣ್ಣು ಮಾತ್ರ ಹಸುವಿನ ಮೇಲೆ.

"ಆ ಕರೀದು ಇಂದ್ಗಾಲು ಎಂಗ್ ಊರ್ತದೆ ನೋಡ್ಲಾ. ಗೊರಸಲ್ಲಿ ಏನೋ ಸೇರ್ಕಂಡದೆ."

"ಅಕ್ಕಾ, ಇಲ್ಲಿ ಆರ್ನೂರು ಹಸ ಇದಾವೆ. ಯಾವ್ ಕರೀದು?"

"ನಿನ್ ಬೆನ್ನಿಂದೆ ನಿಂತದಲ್ಲ, ಅದೇ ಕಣ್ಲಾ. ಎಸ್ರೇನು ಅದ್ರುದು?"

"ಹೆಸ್ರಿಲ್ಲ ಕಣಕ್ಕಾ, ನಂಬರ್. ಕಿವೀಗೆ ಹಾಕಿರ್ತೀವಿ."

"ನಂಬರ್ ಕೂಗುದ್ರೆ ಬತ್ತದಾ?"

ಲೋಕೇಶ ನಕ್ಕ. ನಾನೂ ನಕ್ಕೆ. ಅಕ್ಕ ನಗಲಿಲ್ಲ. ಅವಳ ಪ್ರಕಾರ ಅದು ನಗುವ ವಿಷಯವೇ ಅಲ್ಲ. (ಆಮೇಲೆ ಅವನು ಆ ಹಸುವಿನ ಕಾಲೆತ್ತಿ ನೋಡಿದ. ಗೊರಸಿನ ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡಿತ್ತು.)

ಇದು ನಮ್ಮ ಮನೆಯ ಪ್ರತಿ ಭಾನುವಾರದ ಪಾಡು. ಇಲ್ಲಿ ಬೆಳಗ್ಗೆ ಎಂಟೂವರೆ, ಅಲ್ಲಿ ಸಂಜೆ ನಾಲ್ಕು. ಅವನು ಹಾಲು ಕರೆಯುವ ಹೊತ್ತಿಗೇ ಫೋನ್ ಮಾಡಬೇಕು ಎಂದು ಅಕ್ಕನ ಆರ್ಡರ್. ತಮ್ಮನ ಮುಖಕ್ಕಿಂತ ಹಸುಗಳ ಕೆಚ್ಚಲನ್ನೇ ಹೆಚ್ಚು ನೋಡುತ್ತಿದ್ದಳು. ಕೆಚ್ಚಲು ನೋಡಿದರೆ ಸಾಕು, ತಮ್ಮ ಹೇಗಿದ್ದಾನೆ ಎಂದು ಗೊತ್ತಾಗುತ್ತದಂತೆ.

ಆ ದಿನ ಅವಳು ಇನ್ನೊಂದು ಪ್ರಶ್ನೆ ಕೇಳಿದಳು. ಅವನು ಅಲ್ಲಿಗೆ ಹೋದ ಹನ್ನೊಂದು ವರ್ಷದಲ್ಲಿ ಮೊದಲ ಸಲ.

"ಅಲ್ಲಾ, ಅಲ್ಲಿಗೂ ಇಲ್ಲಿಗೂ ಎಷ್ಟ್ ದೂರ ಆಯ್ತದ್ಲಾ?"

ಲೋಕೇಶ ಬಾಯಿ ಬಿಡುವ ಮೊದಲೇ ನಾನು ಮನೆಯ ಇನ್ನೊಂದು ಫೋನಿನಲ್ಲಿ ಹುಡುಕಿದೆ. ನಿಮಗೂ ಗೊತ್ತಿರಬಹುದು, ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ದೂರ ಎಷ್ಟು, ಪ್ರಯಾಣ ಎಷ್ಟು ಹೊತ್ತು ಎಂದು ಹೇಳುವ ಪುಟಗಳಿವೆ. ಬೆಂಗಳೂರು, ಕ್ರೈಸ್ಟ್‌ಚರ್ಚ್ ಎಂದು ಹಾಕಿದೆ. ಭೂಪಟದ ಮೇಲೆ ಬಿಲ್ಲಿನಂತೆ ಒಂದು ಗೆರೆ ಬಂತು. ಕೆಳಗೆ ಉತ್ತರ. ದೂರ, ಹನ್ನೊಂದು ಸಾವಿರದ ನಾನೂರು ಚಿಲ್ಲರೆ ಕಿಲೋಮೀಟರ್. ಪ್ರಯಾಣದ ಸಮಯ, ಹದಿಮೂರು ಗಂಟೆ ನಲವತ್ತು ನಿಮಿಷ.

ಕಿಲೋಮೀಟರ್ ಅಕ್ಕನಿಗೆ ತಟ್ಟಲಿಲ್ಲ. ಗಂಟೆ ತಟ್ಟಿತು.

"ಅಷ್ಟೇಯಾ? ಬೆಳಗ್ಗೆ ಅಲ್ಲಿ ಆಲ್ ಕರ್ದು ಒಂಟ್ರೆ ಮಾರ್ನೆ ಒತ್ತಾರೆ ಇಲ್ಲಿ ಕರೀಬೋದು. ಈ ಬಡ್ಡೀಮಗ ನೋಡುದ್ರೆ ಐದ್ ವರ್ಸದಿಂದ ಬಂದಿಲ್ಲ."

"ಮೇ ತಿಂಗ್ಳಲ್ಲಿ ಬರ್ತೀನಕ್ಕಾ. ಆಗ ಇಲ್ಲಿ ಹಾಲ್ ಕರೆಯೋದು ನಿಲ್ಲುಸ್ತೀವಿ, ರಜ ಸಿಗುತ್ತೆ."

"ಬಾ. ಅವರೆಕಾಯಿ ಇರಾಕಿಲ್ಲ ಆಗ."

ಅದು ನಮ್ಮ ಮನೆಯ ಕೊನೆಯ ಸಾಧಾರಣ ದಿನ. ಮಧ್ಯಾಹ್ನ ಅವರೆಕಾಳಿನ ಸಾರು, ಮುದ್ದೆ. ಸಂಜೆ ನಾನು ಡ್ಯೂಟಿಗೆ ಹೋದೆ. ಅಕ್ಕ ಸೊಪ್ಪಿನವಳ ಜೊತೆ ಜಗಳ ಆಡಿದಳು. ಇಷ್ಟೇ.

ಪತ್ರಿಕೆಯಲ್ಲಿ ಈ ಅಂಕಣದ ಜಾಗ ಮೂರು ವಾರ ಖಾಲಿ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ಕೆಲವರು ಕೇಳಿದಿರಿ, "ಏನ್ ಸಾರ್, ಬರೆಯೋದು ಬಿಟ್ರಾ?" ಎಂದು. ಬಿಟ್ಟಿರಲಿಲ್ಲ. ಏನು ಬರೆಯಬೇಕು ಎಂದು ಗೊತ್ತಾಗಿರಲಿಲ್ಲ. ಈಗಲೂ ಪೂರ್ತಿ ಗೊತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಮ್ಮ ಹೋದಾಗ ಅಕ್ಕನಿಗೆ ಹತ್ತೊಂಬತ್ತು, ನನಗೆ ಒಂಬತ್ತು, ಲೋಕೇಶನಿಗೆ ಒಂದು ವರ್ಷ. ಅಪ್ಪ ಇದ್ದರು, ಆದರೆ ಅಪ್ಪನಿಗೆ ಹೊಲ ಬಿಟ್ಟರೆ ಬೇರೆ ಏನೂ ತೋಚುತ್ತಿರಲಿಲ್ಲ. ಅಕ್ಕ ಮದುವೆಯಾಗಲಿಲ್ಲ. ಯಾಕೆ ಎಂದು ನಾನು ಬರೆಯಬೇಕಾಗಿಲ್ಲ, ನೀವೇ ಊಹಿಸಬಲ್ಲಿರಿ.

ನಮ್ಮಲ್ಲಿ ನಾಲ್ಕು ಹಸುಗಳಿದ್ದವು. ಗೌರಿ, ಕೆಂಪಿ, ಸೀತೆ, ಇನ್ನೊಂದು ಮೊಂಡು ಹಸು, ಅದಕ್ಕೆ ಅಕ್ಕ ನಮ್ಮ ಸೋದರತ್ತೆಯ ಹೆಸರಿಟ್ಟಿದ್ದಳು. ಅತ್ತೆ ಮನೆಗೆ ಬಂದಾಗ ಮಾತ್ರ ಅದನ್ನು "ಏಯ್" ಎಂದು ಕರೆಯಬೇಕಿತ್ತು. ಬೆಳಗ್ಗೆ ಕರೆದ ಹಾಲನ್ನು ಕ್ಯಾನಿನಲ್ಲಿ ಹಾಕಿಕೊಂಡು ಅಕ್ಕ ಯಲಹಂಕ ಉಪನಗರದ ಮನೆಮನೆಗೆ ನಡೆದು ಹೋಗಿ ಕೊಡುತ್ತಿದ್ದಳು. ಲೋಕೇಶ ಸೊಂಟದ ಮೇಲೆ, ಕ್ಯಾನು ತಲೆಯ ಮೇಲೆ.

ಆಗ ಪುಟ್ಟೇನಹಳ್ಳಿ ಕೆರೆಯ ಏರಿ ಮೇಲೆ ನಿಂತರೆ ಉಪನಗರದ ನೀರಿನ ಟ್ಯಾಂಕು ಕಾಣಿಸುತ್ತಿತ್ತು. ದೂರ ಎಷ್ಟು ಎಂದು ಯಾರೂ ಕಿಲೋಮೀಟರಿನಲ್ಲಿ ಹೇಳುತ್ತಿರಲಿಲ್ಲ. ಅಕ್ಕ ಹೇಳುತ್ತಿದ್ದಳು, "ಲೋಕಿ ಎರಡ್ ಸಲ ಅಳೋವಷ್ಟು ದೂರ." ಹೋಗುವಾಗ ಒಂದು ಸಲ ಅಳುತ್ತಿದ್ದ, ಹಸಿವಿಗೆ. ಮೊದಲ ಮನೆ ಹಾಲು ಅಳೆಯುವಾಗ ಇನ್ನೊಂದು ಸಲ, ತನ್ನ ಹಾಲನ್ನು ಬೇರೆಯವರಿಗೆ ಕೊಡುತ್ತಾಳಲ್ಲ ಎಂದು.

ಅವನು ಹಸುವಿನ ಹಾಲಿನಲ್ಲೇ ಬೆಳೆದ. ಹಸುಗಳ ಮಧ್ಯೆಯೇ ಬೆಳೆದ. ಹೈನುಗಾರಿಕೆಯಲ್ಲಿ ಡಿಪ್ಲೊಮಾ ಮಾಡಿದ. ಊರಿನ ಹೊಲಗಳೆಲ್ಲ ಲೇಔಟ್ ಆದಾಗ ನಮ್ಮದೂ ಆಯಿತು. ನಮಗೆ ಯಾರೂ ಅನ್ಯಾಯ ಮಾಡಲಿಲ್ಲ. ನಾವೇ ಕೊಟ್ಟೆವು. ಹುಲ್ಲಿಗೆ ಜಾಗ ಇಲ್ಲ, ಸಗಣಿ ವಾಸನೆ ಎಂದು ಪಕ್ಕದ ಅಪಾರ್ಟ್‌ಮೆಂಟಿನವರ ದೂರು. ಹಸುಗಳನ್ನು ಒಂದೊಂದಾಗಿ ಮಾರಿದೆವು. ನನಗೇನೂ ಆಗಲಿಲ್ಲ, ನನಗೆ ಬಸ್ಸಿನ ಕೆಲಸ ಇತ್ತು. ಆದರೆ ಹಸು ಬಿಟ್ಟು ಬೇರೆ ಏನೂ ಬೇಡ ಎನ್ನುವವನು ಏನು ಮಾಡಬೇಕು? ಹಸು ಇರುವ ಕಡೆಗೆ ಹೋದ. ಅದು ನ್ಯೂಜಿಲೆಂಡಿನ ದಕ್ಷಿಣದ ತುದಿಯಲ್ಲಿತ್ತು.

ನಮ್ಮ ವಂಶದಲ್ಲಿ ಈಗ ಹಸು ಸಾಕುವವನು ಅವನೊಬ್ಬನೇ.

ಸೋಮವಾರ ಬೆಳಗ್ಗೆ ಅಕ್ಕ ಅಂಗಳ ಗುಡಿಸುತ್ತಿದ್ದವಳು ಪೊರಕೆ ಇಟ್ಟು ಕಟ್ಟೆಯ ಮೇಲೆ ಕೂತಳು. "ಎದೆ ಇಡ್ಕಂಡಂಗಾಯ್ತದೆ" ಎಂದಳು. ಎದುರು ಮನೆಯವರು ಕಾರು ತೆಗೆದರು. ಹೆಬ್ಬಾಳದ ಹತ್ತಿರದ ಆಸ್ಪತ್ರೆಗೆ ಹೊರಟೆವು. ಫ್ಲೈಓವರಿನ ಬುಡದಲ್ಲಿ ಟ್ರಾಫಿಕ್ಕು ನಿಂತಿತ್ತು. "ನಿನ್ ಬಸ್ಗೊಳೇ ಅಡ್ಡ ನಿಂತಾವೆ ನೋಡು" ಎಂದಳು. ಅವಳ ಕೊನೆಯ ಮಾತು ಅದು. ಆಸ್ಪತ್ರೆ ತಲುಪಿದಾಗ ಡಾಕ್ಟರ್ ನೋಡಿ ತಲೆ ಅಲ್ಲಾಡಿಸಿದರು.

ಲೋಕೇಶನಿಗೆ ಫೋನ್ ಮಾಡಿದೆ. ಹಿಂದೆ ಹಾಲು ಕರೆಯುವ ಯಂತ್ರದ ಸದ್ದು. ಹೇಳಿದೆ. ಯಂತ್ರದ ಸದ್ದು ನಿಂತಿತು.

"ಅಣ್ಣಾ, ನಾನು ಹೊರಟೆ. ಕಾಯ್ತೀರಲ್ವಾ?"

"ಕಾಯ್ತೀವಿ ಕಣೋ. ಬಾ."

ಅಷ್ಟು ಹೊತ್ತಿಗೆ ಮುನಿಯಪ್ಪ ದೊಡ್ಡಪ್ಪ ಬಂದರು. ಅಪ್ಪನ ಅಣ್ಣ. ಎಂಬತ್ತು ದಾಟಿದೆ. ನಮ್ಮ ಕಡೆ ಹುಟ್ಟು, ಮದುವೆ, ಸಾವು ಮೂರಕ್ಕೂ ಅವರೇ ಹೊತ್ತು ಇಡುವವರು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೋಲು ಊರಿಕೊಂಡು ನಿಂತು ಕೇಳಿದರು.

"ಸಣ್ಣೋನು ಬತ್ತಾನಾ?"

"ಬರ್ತಾನೆ ದೊಡ್ಡಪ್ಪಾ. ಹೊರಟಿದಾನೆ."

"ಎಷ್ಟೊತ್ತಾಯ್ತದೆ?"

ನಾನು ಯೋಚನೆ ಮಾಡಲಿಲ್ಲ. ಉತ್ತರ ಬಾಯಲ್ಲೇ ಇತ್ತು. ಹಿಂದಿನ ದಿನ ತಾನೇ ಅಕ್ಕನಿಗೆ ಹೇಳಿದ್ದೆನಲ್ಲ.

"ಹದಿಮೂರು ಗಂಟೆ ನಲವತ್ತು ನಿಮಿಷ. ನಾಳೆ ಬೆಳಗ್ಗೆ ಇಲ್ಲಿರ್ತಾನೆ. ತಡ ಅಂದ್ರೂ ಮಧ್ಯಾಹ್ನ."

ದೊಡ್ಡಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದರು. ನಮ್ಮಲ್ಲಿ ಕೆಲವು ಕಟ್ಟಳೆಗಳಿವೆ. ಮನೆಗೆ ತಂದ ದೇಹ ಮಣ್ಣಿಗೇ ಹೋಗಬೇಕು, ಹಿಂದಕ್ಕೆ ಕಳಿಸುವ ಹಾಗಿಲ್ಲ. ಮನೆ ಮುಂದೆ ಒಂದು ರಾತ್ರಿ ಇರಿಸಬಹುದು, ಎರಡನೆಯದು ಕೂಡದು. ದೇಹ ಏಳುವ ತನಕ ನಮ್ಮ ಬೀದಿಯ ಹಳೆಯ ಮನೆಗಳಲ್ಲಿ ಒಲೆ ಹಚ್ಚುವುದಿಲ್ಲ. ಗ್ಯಾಸ್ ಒಲೆ ಬಂದ ಮೇಲೂ ಹಚ್ಚುವುದಿಲ್ಲ.

"ನೋಡ್ಲಾ, ಅನುಮಾನ ಇದ್ರೆ ಈಗ್ಲೇ ಏಳ್ಬುಡು" ಎಂದರು. "ಇಲ್ಲೇ ಆಸ್ಪತ್ರೇಲಿ ಮಡಗಿಸ್ಬುಡಾನ. ಅವ್ನ್ ಬಂದ್ಮೇಲೆ ಊರಿಗ್ ತಗಂಡೋದ್ರಾಯ್ತು."

"ಅನುಮಾನ ಇಲ್ಲ ದೊಡ್ಡಪ್ಪಾ" ಎಂದೆ.

ಹೊಸ ಓದುಗರಿಗೆ ನಾನು ಯಾರೆಂದು ಹೇಳಿಬಿಡುತ್ತೇನೆ, ಯಾಕೆಂದರೆ ಅದೇ ಇಲ್ಲಿ ಮುಖ್ಯ. ನಾನು ಸಿಟಿ ಬಸ್ಸಿನ ಟೈಮ್ ಕೀಪರ್. ಯಲಹಂಕ ಬಸ್ ಸ್ಟ್ಯಾಂಡಿನ ಮೂಲೆಯ ಗೂಡಿನಲ್ಲಿ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೊರಟಿತು ಎಂದು ಇಪ್ಪತ್ತೈದು ವರ್ಷದಿಂದ ಬರೆಯುತ್ತಿದ್ದೇನೆ. ಪಿಯುಸಿ ಓದಿದವನಿಗೆ ಗೊತ್ತಿರುವ ವಿದ್ಯೆ ಇದೊಂದೇ.

ಯಶವಂತಪುರಕ್ಕೆ ಎಷ್ಟು ಹೊತ್ತು ಎಂದು ಯಾರಾದರೂ ಕೇಳಿದರೆ ನಾನು ಉತ್ತರ ಹೇಳುವುದಿಲ್ಲ. "ಯಾವಾಗ ಹೋಗ್ತೀರ?" ಎಂದು ತಿರುಗಿ ಕೇಳುತ್ತೇನೆ. ಪ್ರತಿ ರೂಟಿಗೂ ಕಾಗದದ ಮೇಲೆ ಒಂದು ಟೈಮ್ ಬರೆದಿರುತ್ತದೆ. ಅದು ರಸ್ತೆ ಖಾಲಿ ಇದ್ದರೆ, ಸಿಗ್ನಲ್ ಎಲ್ಲ ಹಸಿರಿದ್ದರೆ, ಯಾರೂ ಹತ್ತದೆ ಇಳಿಯದೆ ಇದ್ದರೆ. ಅಂಥ ಬಸ್ಸು ಎಲ್ಲಾದರೂ ಇದೆಯೆ? ಆ ಕಾಗದವನ್ನು ನಂಬಿ ಆರ್.ಟಿ. ನಗರದಲ್ಲಿ ಮುಹೂರ್ತಕ್ಕೆ ಹೊರಟವರು ಊಟ ಮುಗಿದು ಕೈ ತೊಳೆಯುವ ಹೊತ್ತಿಗೆ ತಲುಪಿದ್ದನ್ನು ನಾನು ಎಷ್ಟು ಸಲ ಇದೇ ಅಂಕಣದಲ್ಲಿ ಬರೆದು ನಿಮ್ಮನ್ನು ನಗಿಸಿಲ್ಲ?

ಹೆಬ್ಬಾಳದಿಂದ ಯಲಹಂಕಕ್ಕೆ ಎಷ್ಟು ಹೊತ್ತು ಎಂದು ಹೇಳಲು ಹೆದರುವವನು ನಾನು. ಹನ್ನೊಂದು ಸಾವಿರದ ನಾನೂರು ಕಿಲೋಮೀಟರಿಗೆ, ನಿಮಿಷದ ಸಮೇತ, ಗ್ಯಾರಂಟಿ ಕೊಟ್ಟೆ.

ಲೋಕೇಶ ಹಿಂದೆ ಒಂದು ಸಲ ಬಂದಿದ್ದನಲ್ಲ, ಆಗ ಗೊತ್ತಾಗಲಿಲ್ಲವೆ ಎಂದು ನೀವು ಕೇಳಬಹುದು. ಐದು ವರ್ಷದ ಹಿಂದೆ ಬಂದಾಗ ದಾರಿಯಲ್ಲಿ ಗೆಳೆಯನ ಮನೆಯಲ್ಲಿ ಎರಡು ದಿನ ಇದ್ದು ಬಂದಿದ್ದ. ಮನೆಗೆ ಬಂದವನನ್ನು ಎಲ್ಲರೂ ಹಸುಗಳ ಬಗ್ಗೆ ಕೇಳಿದರು. ಚಳಿಯ ಬಗ್ಗೆ ಕೇಳಿದರು. ದಾರಿಯ ಬಗ್ಗೆ ಯಾರೂ ಕೇಳಲಿಲ್ಲ. ಟೈಮ್ ಕೀಪರ್ ಆದ ನಾನೂ ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಕ್ಕ ಮನೆಗೆ ಬಂದಳು. ಬೀದಿಯಲ್ಲಿ ಶಾಮಿಯಾನ, ಅದರ ಕೆಳಗೆ ಐಸ್ ಬಾಕ್ಸು. ಜನ ಬರತೊಡಗಿದರು. ವಿದ್ಯಾರಣ್ಯಪುರದಿಂದ, ತಣಿಸಂದ್ರದಿಂದ ನೆಂಟರು. ಹಿಂದೆ ಅವಳ ಹತ್ತಿರ ಹಾಲು ಹಾಕಿಸಿಕೊಂಡಿದ್ದ ಉಪನಗರದ ಇಬ್ಬರು ಮುದುಕಿಯರು. ಯಾರೋ ಒಬ್ಬ ಫೋಟೋ ತೆಗೆಯಲು ಫೋನ್ ಎತ್ತಿದ. ದೊಡ್ಡಪ್ಪ ಕೋಲು ಎತ್ತಿದರು. ಸತ್ತವರನ್ನು ಫೋಟೋ ತೆಗೆಯುವುದು ನಮ್ಮಲ್ಲಿಲ್ಲ. ಅಕ್ಕನಿಗೂ ಅದು ಆಗುತ್ತಿರಲಿಲ್ಲ. ಬದುಕಿದ್ದಾಗಲೂ ಫೋಟೋ ಎಂದರೆ ಸೆರಗು ಅಡ್ಡ ಹಿಡಿಯುತ್ತಿದ್ದಳು.

ನಾಲ್ಕು ಗಂಟೆಗೆ ಲೋಕೇಶನ ಮೆಸೇಜ್ ಬಂತು. ಟಿಕೆಟ್ಟಿನ ಚಿತ್ರ. ಒಂದು ವಿಮಾನ ಅಲ್ಲ, ಮೂರು. ಫಾರ್ಮಿನಿಂದ ಕ್ರೈಸ್ಟ್‌ಚರ್ಚಿಗೆ ಏಳು ಗಂಟೆ ಕಾರು. ಅಲ್ಲಿಂದ ಆಕ್ಲೆಂಡ್. ಅಲ್ಲಿಂದ ಸಿಂಗಪುರ. ಸಿಂಗಪುರದಲ್ಲಿ ಮಾರನೆ ಬೆಳಗಿನ ತನಕ ಕಾಯುವುದು. ಅಲ್ಲಿಂದ ಬೆಂಗಳೂರು.

ಬುಧವಾರ, ಬೆಳಗ್ಗೆ ಹತ್ತು ಗಂಟೆ.

ನಾನು ಮತ್ತೆ ಆ ಪುಟ ತೆಗೆದು ನೋಡಿದೆ. ಅದೇ ಗೆರೆ, ಅದೇ ಗಂಟೆ, ಅದೇ ನಿಮಿಷ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು. ಇದು ನೇರ ಗೆರೆಯಲ್ಲಿ, ಎಲ್ಲೂ ನಿಲ್ಲದೆ ಹಾರಿದರೆ ಆಗುವ ಅಂದಾಜು ಸಮಯ, ಎಂದು. ಹಾಗೆ ಹಾರುವ ವಿಮಾನ ಆ ಎರಡು ಊರುಗಳ ನಡುವೆ ಇಲ್ಲವೇ ಇಲ್ಲ. ಪುಟ ಸುಳ್ಳು ಹೇಳಿರಲಿಲ್ಲ. ನಾನು ಪೂರ್ತಿ ಓದಿರಲಿಲ್ಲ.

ದೊಡ್ಡಪ್ಪನ ಹತ್ತಿರ ಹೋದೆ. ಹೇಳಿದೆ.

ಅವರು ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು.

"ನೀನೇ ಅಲ್ವೇನ್ಲಾ ಗಂಟೆ ಏಳಿದ್ದು? ನಾನ್ ಕೇಳುದ್ನಲ್ಲ, ಅನುಮಾನ ಇದ್ದದಾ ಅಂತ."

"ತಪ್ಪಾಯ್ತು ದೊಡ್ಡಪ್ಪಾ. ಬುಧವಾರದ ತನಕ..."

"ಇನ್ನೊಂದ್ ರಾತ್ರಿ ಎಂಗ್ಲಾ ಮಡಗಾದು? ಒಲೆ ಅಚ್ಚಿಲ್ಲ ಜನ. ಮಕ್ಳು ಮರಿ ಎಲ್ಲ ಪಕ್ಕದ್ ಬೀದೀಲಿ ಉಣ್ತಾವೆ. ನಾಳೆ ಒತ್ತು ಮುಳುಗಾಕ್ ಮುಂಚೆ ಆಗ್ಬೇಕು."

ಅಷ್ಟಕ್ಕೇ ನಾನು ಬಿಡಲಿಲ್ಲ. ಕಾಂಪೌಂಡಿನ ಮೂಲೆಗೆ ಹೋಗಿ ಫೋನು ಹಿಡಿದೆ. ಇನ್ನೊಂದು ದಾರಿ ಇರಲೇಬೇಕು ಎನಿಸಿತು. ಸಿಡ್ನಿ ಮೇಲೆ ಬಂದರೆ? ಮೆಲ್ಬರ್ನ್ ಮೇಲೆ? ಕ್ವಾಲಾಲಂಪುರ? ಚೆನ್ನೈಗೆ ಬಂದು ಅಲ್ಲಿಂದ ಕಾರಿನಲ್ಲಿ? ಒಂದೊಂದನ್ನೂ ಹುಡುಕಿದೆ, ಚೀಟಿಯಲ್ಲಿ ಬರೆದೆ, ಕೂಡಿಸಿದೆ, ಕಳೆದೆ. ಅಲ್ಲಿಯ ಗಂಟೆ ಬೇರೆ, ನಡುವಿನ ಊರಿನ ಗಂಟೆ ಬೇರೆ, ನಮ್ಮ ಗಂಟೆ ಬೇರೆ. ಲೋಕೇಶನಿಗೆ ಮೆಸೇಜ್ ಮೇಲೆ ಮೆಸೇಜ್ ಹಾಕಿದೆ. "ಇದು ನೋಡು." "ಇದರಲ್ಲಿ ಸೀಟು ಇದೆಯಾ ಕೇಳು." ಅವನು ರಾತ್ರಿಯೆಲ್ಲ ಕಾರು ಓಡಿಸುತ್ತ ನಡುನಡುವೆ ನಿಲ್ಲಿಸಿ ಉತ್ತರ ಕೊಟ್ಟ. "ಇಲ್ಲ." "ಸೀಟಿಲ್ಲ." "ಅದು ಇನ್ನೂ ಲೇಟು ಕಣಣ್ಣಾ."

ನನ್ನ ಹೆಂಡತಿ ಎರಡು ಸಲ ಬಂದು ಕರೆದಳು. "ರೀ, ಅಲ್ಲೇನ್ ಮಾಡ್ತಿದೀರಾ? ಬಂದು ಪಕ್ಕದಲ್ಲಿ ಕೂತ್ಕೊಳ್ಳಿ." ಬಂದೆ ಬಂದೆ ಎಂದೆ.

ಮಂಗಳವಾರ ಸಂಜೆ ಐದಕ್ಕೆ ಮಣ್ಣು ಮಾಡಿದೆವು. ಲೇಔಟಿನ ನಡುವೆ ನಮ್ಮ ಪಾಲಿಗೆ ಉಳಿದಿರುವ ತುಂಡು ನೆಲದಲ್ಲಿ, ಅಪ್ಪ ಅಮ್ಮನ ಪಕ್ಕ. ಸುತ್ತಲಿನ ಬಾಲ್ಕನಿಗಳಲ್ಲಿ ಜನ ನಿಂತು ನೋಡುತ್ತಿದ್ದರು. ಒಬ್ಬರು ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ, ಕೈ ಮುಗಿದು, ಒಳಗೆ ಹೋದರು. ಯಾರೆಂದು ಗೊತ್ತಿಲ್ಲ. ಅವರಿಗೆ ನನ್ನ ನಮಸ್ಕಾರ.

ಆಗ ಲೋಕೇಶ ಸಮುದ್ರದ ಮೇಲೆ ಎಲ್ಲೋ ಇದ್ದ. ಫೋನು ಆಫ್. ಸಿಂಗಪುರದಲ್ಲಿ ಇಳಿದು ಫೋನು ಹಚ್ಚಿದಾಗ ನೋಡಲಿ ಎಂದು ಮೆಸೇಜ್ ಹಾಕಿಟ್ಟೆ. ಏನು ಬರೆಯಬೇಕು? ಮೂರು ಸಲ ಬರೆದು ಅಳಿಸಿದೆ. ಕೊನೆಗೆ ಬರೆದದ್ದು ಇದು: "ಮಣ್ಣು ಆಯ್ತು ಕಣೋ. ದೊಡ್ಡಪ್ಪ ಕಾಯೋಕೆ ಒಪ್ಪಲಿಲ್ಲ."

ಸುಳ್ಳು ಅಲ್ಲ, ಅಲ್ಲವೆ? ಆ ಪುಟದಲ್ಲಿದ್ದ ಸಮಯದ ಹಾಗೆಯೇ ಅದೂ ಸುಳ್ಳಲ್ಲ.

ಬುಧವಾರ ಅವನು ಏರ್‌ಪೋರ್ಟಿನಿಂದ ಮನೆಗೆ ಹೋಗಲಿಲ್ಲ, ನೇರ ಮಣ್ಣಿನ ಹತ್ತಿರ ಬಂದ. ಮೂರನೆಯ ದಿನ ನಮ್ಮಲ್ಲಿ ಹಾಲು ತುಪ್ಪ ಬಿಡುತ್ತಾರೆ. ಎಲ್ಲರೂ ಅವನಿಗಾಗಿ ಕಾಯುತ್ತಿದ್ದರು. ದೊಡ್ಡಪ್ಪ ಚೊಂಬು ಕೊಟ್ಟರು. ಲೋಕೇಶ ಚೊಂಬಿನೊಳಗೆ ನೋಡಿದ, ಮೂಸಿದ.

"ಪ್ಯಾಕೆಟ್ ಹಾಲಾ?"

ಯಾರೋ ಹೌದೆಂದರು.

"ನಮ್ಮಕ್ಕಂಗೆ ಪ್ಯಾಕೆಟ್ ಹಾಲು ಬಿಡ್ತೀರಾ?"

ಚೊಂಬಿನ ಹಾಲನ್ನು ಗಿಡದ ಬುಡಕ್ಕೆ ಚೆಲ್ಲಿದ. ಬಂದ ಟ್ಯಾಕ್ಸಿಯನ್ನೇ ತಿರುಗಿಸಿಕೊಂಡು ಹೋದ. ತಣಿಸಂದ್ರದ ಕಡೆ, ಎರಡು ಅಪಾರ್ಟ್‌ಮೆಂಟುಗಳ ನಡುವಿನ ಓಣಿಯಲ್ಲಿ ಯಾರೋ ಇನ್ನೂ ಹಸು ಕಟ್ಟಿದ್ದಾರೆ ಎಂದು ಡ್ರೈವರ್ ಹೇಳಿದನಂತೆ. ಒಂದೂವರೆ ಗಂಟೆ ಆದ ಮೇಲೆ ಬಂದ. ಪ್ಯಾಂಟಿಗೆ ಸಗಣಿ ಮೆತ್ತಿತ್ತು, ಚೊಂಬಿನಲ್ಲಿ ನೊರೆ ಇನ್ನೂ ಇತ್ತು. ತಾನೇ ಕರೆದು ತಂದಿದ್ದ.

ಹಾಲು ಬಿಟ್ಟ. ಆಮೇಲೆ ದೊಡ್ಡಪ್ಪನ ಕಡೆ ತಿರುಗಿದ.

"ಒಂದು ದಿನ ಕಾಯೋಕಾಗ್ಲಿಲ್ವಾ ನಿಮ್ಗೆ?"

ದೊಡ್ಡಪ್ಪ ನನ್ನನ್ನು ಒಂದು ಸಲ ನೋಡಿದರು. ಹೇಳುತ್ತಾರೆ ಎಂದುಕೊಂಡೆ. ಹೇಳಲಿಲ್ಲ.

"ಆಗ್ಲಿಲ್ಲ ಕಣಪ್ಪಾ" ಎಂದಷ್ಟೇ ಹೇಳಿ ಕೋಲು ಊರಿಕೊಂಡು ಹೊರಟುಹೋದರು.

ಹನ್ನೊಂದನೆಯ ದಿನದ ಕಾರ್ಯ ಮುಗಿಯುವ ತನಕ ಲೋಕೇಶ ಅವರ ಜೊತೆ ಮಾತಾಡಲಿಲ್ಲ. ಅವರು ಬಂದರೆ ಎದ್ದು ಹೋಗುತ್ತಿದ್ದ. ಅವರು ಎಲೆಗೆ ಕೂತರೆ ಇವನು ಕೂರುತ್ತಿರಲಿಲ್ಲ. ಎಂಬತ್ತು ದಾಟಿದ ಮುದುಕ, ದಿನವೂ ಬೆಳಗ್ಗೆ ಬಂದು ಕಟ್ಟೆಯ ಮೇಲೆ ಕೂತು, "ಸಣ್ಣೋನು ತಿಂಡಿ ತಿಂದ್ನಾ?" ಎಂದು ನನ್ನ ಹೆಂಡತಿಯನ್ನು ಕೇಳಿ ಹೋಗುತ್ತಿದ್ದರು. ನಾನು ಪ್ರತಿದಿನ ನೋಡುತ್ತಿದ್ದೆ. ಪ್ರತಿದಿನ, ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದೆ.

ನಾವು ಎಷ್ಟು ಸುಲಭವಾಗಿ ಹಳಬರ ಮೇಲೆ ಹಾಕಿಬಿಡುತ್ತೇವೆ! ಹಳೇ ಕಾಲದವರು, ಕಟ್ಟಳೆಯವರು, ಮೊಂಡರು. ಈ ವಿಷಯದಲ್ಲಿ, "ಅನುಮಾನ ಇದ್ದರೆ ಹೇಳು" ಎಂದವರು ಅವರೊಬ್ಬರೇ. ಅನುಮಾನ ಇಲ್ಲ ಎಂದದ್ದು ಹೊಸ ಕಾಲದ ನಾನು.

ಹನ್ನೆರಡನೆಯ ದಿನ ಲೋಕೇಶನಿಗೆ ವಾಪಸ್ ಟಿಕೆಟ್. ಕಾರು ಬೇಡ, ಏರ್‌ಪೋರ್ಟ್ ಬಸ್ಸಿನಲ್ಲೇ ಹೋಗೋಣ ಎಂದೆ. ಮಧ್ಯಾಹ್ನದ ಬಸ್ಸು ಅರ್ಧ ಖಾಲಿ. ಕಂಡಕ್ಟರ್ ಗುರುತಿನವನು. "ಏನ್ ಸಮಾಚಾರ ಸಾರ್, ಎಲ್ಲಿಗೆ ಫಾರಿನ್ನಾ?" ಎಂದು ಹಲ್ಲು ಕಿರಿದವನು ನನ್ನ ಬೋಳು ತಲೆ ನೋಡಿ ಸುಮ್ಮನಾದ.

ಬಸ್ಸು ಯಲಹಂಕ ದಾಟಿದ ಮೇಲೆ ಹೇಳಿದೆ. ಆಸ್ಪತ್ರೆಯ ಕಾರಿಡಾರು, ದೊಡ್ಡಪ್ಪ ಕೇಳಿದ್ದು, ನಾನು ಹೇಳಿದ ಗಂಟೆ, ಆ ಸಣ್ಣ ಅಕ್ಷರದ ಸಾಲು. ಎಲ್ಲ.

ಅವನು ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡ. ಆಮೇಲೆ ಒಮ್ಮೆಲೇ ತಿರುಗಿದ.

"ಒಂಬತ್ತು ದಿನ ಕಣೋ! ಒಂಬತ್ತು ದಿನ ಆ ಮನುಷ್ಯನ್ ಮುಖ ನೋಡಿಲ್ಲ ನಾನು. ಎದುರಿಗೇ ಇದ್ರಲ್ಲ, ಹೇಳೋಕೇನಾಗಿತ್ತು ನಿಂಗೆ?"

"ಹೆದರಿಕೆ ಆಯ್ತು."

"ಯಾರ್ದು? ನಂದಾ? ನಿನ್ ತಮ್ಮ ಕಣೋ ನಾನು!"

ಮುಂದಿನ ಸೀಟಿನವರು ಹಿಂದೆ ತಿರುಗಿ ನೋಡಿದರು. ಅವನು ಫೋನು ತೆಗೆದು ದೊಡ್ಡಪ್ಪನಿಗೆ ಹಚ್ಚಿದ. ದೊಡ್ಡಪ್ಪನ ಮೊಮ್ಮಗಳು ಎತ್ತಿ ಅವರ ಕೈಗೆ ಕೊಟ್ಟಳು. ಅವರಿಗೆ ಕಿವಿ ಮಂದ, ಕೂಗಿ ಮಾತಾಡುತ್ತಾರೆ. ಬಸ್ಸಿಗೆಲ್ಲ ಕೇಳಿಸಿತು.

"ಯಾರು? ಸಣ್ಣೋನಾ? ಉಂಡ್ಯಾ?"

"ದೊಡ್ಡಪ್ಪಾ, ಅಣ್ಣ ಎಲ್ಲ ಹೇಳ್ದ. ನಾನು..."

"ಏಳುದ್ನಾ? ಸರಿ ಬುಡು. ಅವ್ನುನ್ನ ಬಯ್ಯಬ್ಯಾಡ. ಅವ್ನೂ ಉಂಡಿಲ್ಲ ಎರಡ್ ದಿನ. ಉಸಾರಾಗೋಗು. ಆ ದೇಸದಾಗೆ ಚಳಿ ಅಂತೆ, ತಲೆಗ್ ಬಟ್ಟೆ ಕಟ್ಕ."

ಲೋಕೇಶ ಏನೋ ಹೇಳಲು ಹೋದ. ಅಷ್ಟರಲ್ಲಿ ಅವರು ಫೋನು ಮೊಮ್ಮಗಳಿಗೆ ಕೊಟ್ಟಾಗಿತ್ತು. ಅವನು ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ. ನನ್ನ ಜೊತೆ ಮಾತಾಡಲಿಲ್ಲ. ಆದರೆ ಇಳಿಯುವಾಗ ದೊಡ್ಡ ಬ್ಯಾಗಿನ ಇನ್ನೊಂದು ಹಿಡಿಯನ್ನು ನನ್ನ ಕಡೆ ತಿರುಗಿಸಿದ.

ಟರ್ಮಿನಲ್ಲಿನ ಬಾಗಿಲ ತನಕ ಹೊತ್ತೆವು. ಅಲ್ಲಿಂದ ಒಳಗೆ ನನ್ನಂಥವರಿಗೆ ಪ್ರವೇಶವಿಲ್ಲ. ಅವನು ಟಿಕೆಟ್ಟು, ಪಾಸ್‌ಪೋರ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡ. ಸಾಲಿನಲ್ಲಿ ನಿಂತ. ಮತ್ತೆ ಸಾಲು ಬಿಟ್ಟು ಬಂದ.

"ಅಣ್ಣಾ, ಮುಖ ಹೆಂಗಿತ್ತು?"

"ಯಾರ್ದು?"

"ಅಕ್ಕಂದು. ನಾನ್ ನೋಡ್ಲಿಲ್ವಲ್ಲ, ನೀನ್ ಹೇಳು. ಎರಡು ದಿನ ಪಕ್ಕದಲ್ಲೇ ಇದ್ಯಲ್ಲ. ಹೆಂಗಿತ್ತು?"

"ಚೆನ್ನಾಗಿತ್ತು ಕಣೋ" ಎಂದೆ. "ಮಲಗ್ದಂಗಿತ್ತು."

ಅವನು ತಲೆಯಾಡಿಸಿದ. ಅಷ್ಟು ಸಾಕಾಯಿತು ಅವನಿಗೆ. ಸಾಲಿಗೆ ಹೋದ, ಒಳಗೆ ಹೋದ, ಕಾಣದಾದ.

ಅದು ಎಲ್ಲರೂ ಎಲ್ಲರಿಗೂ ಹೇಳುವ ಮಾತು. ನನಗೆ ಆ ಎರಡು ದಿನದ ಏನೇನು ನೆನಪಿದೆ ಎಂದು ಬಸ್ಸಿನಲ್ಲಿ ವಾಪಸ್ ಬರುತ್ತ ಹುಡುಕಿದೆ. ಆಕ್ಲೆಂಡಿನಿಂದ ಸಿಂಗಪುರಕ್ಕೆ ಎಷ್ಟು ಗಂಟೆ ಎಂದು ನೆನಪಿದೆ. ಮೆಲ್ಬರ್ನಿನಲ್ಲಿ ಎಷ್ಟು ಹೊತ್ತು ಕಾಯಬೇಕಿತ್ತು ಎಂದು ನೆನಪಿದೆ. ಐಸ್ ಬಾಕ್ಸಿನ ಗಾಜಿನ ಮೇಲೆ ಹನಿ ಕಟ್ಟುತ್ತಿತ್ತು, ಹೆಂಡತಿ ಸೆರಗಿನಲ್ಲಿ ಒರೆಸುತ್ತಿದ್ದಳು, ಅದು ದೂರದಿಂದ ಕಂಡದ್ದು ನೆನಪಿದೆ. ಕೊನೆಯ ಸಲ ಮುಖ ನೋಡಿಕೊಳ್ಳಿ ಎಂದು ದೊಡ್ಡಪ್ಪ ಎಲ್ಲರನ್ನೂ ಕರೆದಾಗ ನಾನು ಬೇಲಿಯ ಪಕ್ಕ ನಿಂತು, ಅವನ ವಿಮಾನ ಎಲ್ಲಿಗೆ ಬಂದಿದೆ ಎಂದು ಫೋನಿನಲ್ಲಿ ನೋಡುತ್ತಿದ್ದೆ. ಮಣ್ಣು ಹಾಕಲು ನನ್ನನ್ನು ಕರೆಯುವ ಹೊತ್ತಿಗೆ ಬಟ್ಟೆ ಹೊದಿಸಿ ಆಗಿತ್ತು.

ಅಕ್ಕನ ಮುಖ ನಾನೂ ನೋಡಲಿಲ್ಲ.